ಆ 76 ಪರ್ಸೆಂಟ್ ತೂಕದ ಲೆಕ್ಕ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ನಿಮ್ಮ ಪುರವಣಿಯಲ್ಲಿ ಕೀಟಗಳ ಬಗ್ಗೆ ಬಂದ ಬರಹ ಓದಿದೆ. ಅದರಲ್ಲಿ ಮೂರು ಮಾತಿದ್ದವು. ಜರ್ಮನಿಯಲ್ಲಿ 76 ಪರ್ಸೆಂಟ್ ಕೀಟಜಾತಿಗಳು ನಾಶವಾಗಿವೆ ಎಂಬುದು ಒಂದು. ಇನ್ನು ನೂರು ವರ್ಷಕ್ಕೆ ಭೂಮಿಯ ಮೇಲೆ ಒಂದು ಹುಳವೂ ಇರುವುದಿಲ್ಲ ಎಂಬುದು ಎರಡನೆಯದು. ಜೇನು ಹೋದ ನಾಲ್ಕು ವರ್ಷಕ್ಕೆ ಮನುಷ್ಯನೂ ಹೋಗುತ್ತಾನೆ ಎಂದು ಐನ್‌ಸ್ಟೈನ್ ಹೇಳಿದ್ದರು ಎಂಬುದು ಮೂರನೆಯದು.

ಬರೆದವರ ಕಾಳಜಿ ನನಗೆ ಅರ್ಥವಾಗುತ್ತದೆ. ಹುಳಗಳಿಗೆ ಅರ್ಧ ಪುಟ ಕೊಟ್ಟಿರಲ್ಲ, ಅದಕ್ಕೆ ಖುಷಿಯೂ ಆಯಿತು. ಆದರೆ ಮೊದಲ ಮಾತಿನಲ್ಲಿ ಅಂಕಿ ಸರಿ, ಅರ್ಥ ತಪ್ಪು. ಎರಡನೆಯದು ಅಳತೆಯಿಂದ ಬಂದ ಮಾತಲ್ಲ. ಮೂರನೆಯದನ್ನು ಐನ್‌ಸ್ಟೈನ್ ಹೇಳಿದ್ದರು ಎನ್ನುವುದಕ್ಕೆ ಯಾವ ದಾಖಲೆಯೂ ಇಲ್ಲ. ದಿನವೂ ಇದೇ ಕೆಲಸ ಮಾಡುವವಳಾಗಿ ಸುಮ್ಮನಿರಲು ಆಗಲಿಲ್ಲ. ಪತ್ರ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಾನು ಜರ್ಮನಿಯ ಬಾನ್ ನಗರದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೇನೆ. ಇದು ಮೂರನೇ ವರ್ಷ. ಬಾನ್‌ನಿಂದ ಪಶ್ಚಿಮಕ್ಕೆ ಹೋದರೆ ಐಫೆಲ್ ಎಂಬ ಗುಡ್ಡಸೀಮೆ ಸಿಗುತ್ತದೆ. ಅಲ್ಲಿಯ ಹುಲ್ಲುಗಾವಲುಗಳಲ್ಲಿ ಆರು ಬಲೆ ಹಾಕಿದ್ದೇನೆ. ಬಲೆಗೆ ಬಿದ್ದ ಕೀಟಗಳನ್ನು ತೂಗುವುದು, ಬೇರೆ ಬೇರೆ ಮಾಡುವುದು, ಎಣಿಸುವುದು, ಯಾರು ಯಾರೆಂದು ಹೆಸರು ಹಚ್ಚುವುದು ನನ್ನ ಕೆಲಸ. ನೀವು ಬರೆದ 76 ಪರ್ಸೆಂಟ್ ಹುಟ್ಟಿದ ಕ್ರೇಫೆಲ್ಡ್ ಊರು ಇಲ್ಲಿಂದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿ. ನಾನು ಬಳಸುವುದೂ ಅವರು ಬಳಸಿದಂಥದ್ದೇ ಬಲೆ.

ಅದು ಹೇಗಿರುತ್ತದೆ ಎಂದು ಮೊದಲು ಹೇಳುತ್ತೇನೆ. ಸೊಳ್ಳೆ ಪರದೆಯಂಥ ಬಟ್ಟೆಯಲ್ಲಿ ಹೊಲಿದ ಒಂದು ಗುಡಾರ. ಎರಡೂ ಬದಿ ತೆರೆದಿರುತ್ತದೆ. ನಡುವೆ ಕಪ್ಪು ಬಟ್ಟೆಯ ಗೋಡೆ. ಮೇಲೆ ಬಿಳಿ ಚಾವಣಿ, ಅದು ಒಂದು ತುದಿಗೆ ಏರುತ್ತಾ ಹೋಗುತ್ತದೆ. ಹಾರುತ್ತಾ ಬಂದ ಹುಳ ಗೋಡೆಗೆ ತಾಗುತ್ತದೆ. ಅಡ್ಡಿ ಎದುರಾದರೆ ಹೆಚ್ಚಿನ ಹುಳಗಳು ಮೇಲಕ್ಕೆ, ಬೆಳಕಿನ ಕಡೆಗೆ ಹತ್ತುತ್ತವೆ. ಹತ್ತಿ ಹತ್ತಿ ಎತ್ತರದ ಮೂಲೆಗೆ ಬರುತ್ತವೆ. ಅಲ್ಲೊಂದು ತೂತು. ತೂತಿನ ಆಚೆ ಆಲ್ಕೋಹಾಲ್ ಹಾಕಿದ ಬಾಟಲಿ. ವಾಸನೆ ಇಟ್ಟು ಕರೆಯುವುದಿಲ್ಲ, ದೀಪ ಹಚ್ಚುವುದಿಲ್ಲ. ಆ ದಾರಿಯಲ್ಲಿ ಬಂದದ್ದು ಬೀಳುತ್ತದೆ, ಅಷ್ಟೆ. ಒಂದು ವರ್ಷವನ್ನು ಇನ್ನೊಂದು ವರ್ಷದ ಜೊತೆ ಇಟ್ಟು ನೋಡಲು ಇದು ಒಳ್ಳೆಯದಾಗಿರುವುದು ಅದಕ್ಕೇ.

ಸ್ವೀಡನ್ನಿನ ರೆನೆ ಮಲೇಸ್ ಎಂಬ ಕೀಟಶಾಸ್ತ್ರಜ್ಞರು ತಮ್ಮ ಗುಡಾರದೊಳಗೆ ನುಗ್ಗಿದ ಹುಳಗಳು ಚಾವಣಿಯ ಮೂಲೆಗೇ ಹೋಗಿ ಸೇರುವುದನ್ನು ಗಮನಿಸಿದ್ದರು. ಗುಡಾರವನ್ನೇ ಬಲೆ ಮಾಡಿದರು. ಬರ್ಮಾಕ್ಕೆ ಹೋದಾಗ ಅದನ್ನು ಬಳಸಿದರು, 1937ರಲ್ಲಿ ವಿವರ ಪ್ರಕಟಿಸಿದರು. ಇವತ್ತಿಗೂ ಅದನ್ನು ಮಲೇಸ್ ಬಲೆ ಎಂದೇ ಕರೆಯುತ್ತಾರೆ. ಸುಮಾರು ತೊಂಬತ್ತು ವರ್ಷದಲ್ಲಿ ಇದರ ರೂಪ ಅಷ್ಟೇನೂ ಬದಲಾಗಿಲ್ಲ.

ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಪ್ರತಿ ಗುರುವಾರ ಬಾಟಲಿ ಬದಲಿಸುವ ದಿನ. ಬೆಳಿಗ್ಗೆ ಆರಕ್ಕೆ ಸಂಸ್ಥೆಯ ವ್ಯಾನ್ ತೆಗೆದುಕೊಂಡು ಹೊರಡುತ್ತೇನೆ. ಭಾರತದ ಲೈಸೆನ್ಸ್ ಇಲ್ಲಿ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಲಿಖಿತ ಪರೀಕ್ಷೆ, ರಸ್ತೆ ಪರೀಕ್ಷೆ ಎರಡನ್ನೂ ಹೊಸದಾಗಿ ಪಾಸು ಮಾಡಬೇಕು. ಮೊದಲ ಬೇಸಿಗೆ ಅದರಲ್ಲೇ ಹೋಯಿತು, ಆಗೆಲ್ಲ ಸಹೋದ್ಯೋಗಿಯೊಬ್ಬರು ತಮ್ಮ ಕೆಲಸ ಬಿಟ್ಟು ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಅವರ ಆ ಉಪಕಾರ ಮರೆಯುವಂಥದ್ದಲ್ಲ.

ಹುಲ್ಲುಗಾವಲಿಗೆ ಸುಮ್ನೆ ಹೋಗಿ ಬಲೆ ಹಾಕಲು ಆಗುವುದಿಲ್ಲ. ಜಾಗದ ಮಾಲೀಕರ ಒಪ್ಪಿಗೆ ಬೇಕು. ಸಂರಕ್ಷಿತ ಜಾಗವಾದರೆ ಜಿಲ್ಲೆಯ ನಿಸರ್ಗ ಸಂರಕ್ಷಣಾ ಕಚೇರಿಯ ಪತ್ರ ಬೇಕು. ಇಲ್ಲಿ ಕಾಡುಜೇನುಗಳ ಎಲ್ಲ ಜಾತಿಗಳಿಗೂ ಕಾನೂನಿನ ರಕ್ಷಣೆ ಇದೆ. ಅವು ಬಲೆಗೆ ಬೀಳಬಹುದು ಎಂದರೆ ಅದಕ್ಕೂ ವಿನಾಯಿತಿ ಪಡೆಯಬೇಕು. ಆ ಪತ್ರಗಳ ಒಂದೊಂದು ಪ್ರತಿ ವ್ಯಾನಿನಲ್ಲೇ ಇರುತ್ತದೆ. ನಡೆದಾಡಲು ಬಂದವರು ನಿಂತು, ಇದೇನು, ಯಾರು ಅನುಮತಿ ಕೊಟ್ಟರು ಎಂದು ಕೇಳುತ್ತಾರೆ. ಕೇಳುವುದು ನನಗೆ ಇಷ್ಟ. ಹುಲ್ಲುಗಾವಲು ತಮ್ಮದು ಎಂದುಕೊಂಡವರು ತಾನೇ ಕೇಳುವುದು?

ಅವರು ಕೇಳುವ ಇನ್ನೊಂದು ಪ್ರಶ್ನೆ ಕಷ್ಟದ್ದು. ಹುಳ ಉಳಿಸಬೇಕು ಎನ್ನುತ್ತೀರಿ, ಮತ್ತೆ ನೀವೇ ಕೊಲ್ಲುತ್ತೀರಲ್ಲ? ಹೌದು, ಕೊಲ್ಲುತ್ತೇನೆ. ಇದಕ್ಕೆ ಸುಲಭದ ಉತ್ತರ ನನ್ನಲ್ಲಿಲ್ಲ. ಟಿಟ್ ಹಕ್ಕಿಯ ಒಂದು ಜೋಡಿ ಗೂಡಿನ ಮರಿಗಳಿಗೆ ದಿನಕ್ಕೆ ನೂರಾರು ಹುಳ ತಂದು ಹಾಕುತ್ತದೆ, ಇಡೀ ಹುಲ್ಲುಗಾವಲಿಗೆ ಒಂದು ಬಲೆ ಎಂದರೆ ಅಂಥದ್ದೇ ಒಂದು ಪಾಲು ಎಂದು ಹೇಳುತ್ತೇನೆ. ಅದು ನಿಜ. ಆದರೂ ಬಾಟಲಿ ಎತ್ತಿ ಬೆಳಕಿಗೆ ಹಿಡಿದಾಗ ಪ್ರತಿ ಸಲವೂ ಮನಸ್ಸಿಗೆ ಒಂದು ಭಾರ ಬರುತ್ತದೆ. ಸಾಯಿಸಿದ ಮೇಲೆ ಒಂದನ್ನೂ ವ್ಯರ್ಥ ಮಾಡಬಾರದು ಎಂಬ ಹಟ ಹುಟ್ಟಿದ್ದು ಅಲ್ಲಿಂದಲೇ.

ಅದಕ್ಕೇ ಒಂದು ತಪ್ಪು ನನ್ನನ್ನು ಇನ್ನೂ ಬಿಟ್ಟಿಲ್ಲ. ಮೊದಲ ವರ್ಷದ ಜೂನ್. ಬಾಟಲಿಯೊಳಗೆ ಹಾಕುವ ಚೀಟಿಯಲ್ಲಿ ಜಾಗ, ಬಲೆಯ ಸಂಖ್ಯೆ, ತಾರೀಕು ಬರೆಯಬೇಕು. ಪೆನ್ಸಿಲ್‌ನಲ್ಲೇ ಬರೆಯಬೇಕು ಎಂದು ಎಲ್ಲರೂ ಹೇಳಿದ್ದರು. ಅವತ್ತು ಮಳೆ, ಪೆನ್ಸಿಲ್ ಸಿಗಲಿಲ್ಲ. ಜೇಬಿನಲ್ಲಿದ್ದ ಪೆನ್ನಿನಲ್ಲಿ ಬರೆದೆ. ನಾಲ್ಕು ದಿನ ಬಿಟ್ಟು ನೋಡಿದರೆ ಚೀಟಿ ಬೆಳ್ಳಗೆ, ಆಲ್ಕೋಹಾಲ್ ತಿಳಿ ನೀಲಿ. ಎರಡು ಬಾಟಲಿಗಳಲ್ಲಿ ಯಾವುದು ಯಾವ ಬಲೆಯದ್ದು ಎಂದು ಹೇಳಲು ದಾರಿಯೇ ಇರಲಿಲ್ಲ. ಎಲ್ಲಿ, ಯಾವಾಗ ಎಂದು ಗೊತ್ತಿಲ್ಲದ ಹುಳ ವಿಜ್ಞಾನಕ್ಕೆ ಬರುವುದಿಲ್ಲ. ಸಾವಿರಾರು ಜೀವ ಸುಮ್ನೆ ಹೋದವು. ಆವತ್ತಿನಿಂದ ಪೆನ್ಸಿಲ್ ಒಂದು ಕುತ್ತಿಗೆಯ ದಾರದಲ್ಲಿ, ಇನ್ನೊಂದು ವ್ಯಾನಿನಲ್ಲಿ, ಮತ್ತೊಂದು ಬೂಟಿನೊಳಗೆ.

ಬಾಟಲಿಗಳ ಜೊತೆ ತೊಂದರೆಗಳೂ ಬರುತ್ತವೆ. ಬಸವನಹುಳದಂಥ, ಆದರೆ ಚಿಪ್ಪಿಲ್ಲದ ಗೊಣ್ಣೆಹುಳ ಬಟ್ಟೆ ಹತ್ತಿ ಬಂದು ಬಾಟಲಿಗೆ ಬಿದ್ದಿರುತ್ತದೆ. ಅದರ ಲೋಳೆ ಎಲ್ಲಕ್ಕೂ ಮೆತ್ತಿಕೊಳ್ಳುತ್ತದೆ. ಕೆಲವು ಸಲ ಜೇಡ ಬಾಟಲಿಯ ಬಾಯಿಗೇ ಬಲೆ ಕಟ್ಟಿ ಕೂತಿರುತ್ತದೆ. ಆ ವಾರದ ಲೆಕ್ಕ ಅರ್ಧ ಅದರ ಹೊಟ್ಟೆಗೆ. ಹೋದ ವರ್ಷ ಕಾಡುಹಂದಿಗಳು ಒಂದು ಬಲೆಯನ್ನು ಕಂಬ ಸಮೇತ ಕಿತ್ತು ಹಾಕಿದ್ದವು. ಸಂಜೆ ಮನೆಗೆ ಬಂದ ಮೇಲೆ ಮೊದಲ ಕೆಲಸ ಉಣುಗು ಹುಡುಕುವುದು. ಮೊಣಕಾಲ ಹಿಂದೆ, ಕಂಕುಳು, ಕಿವಿಯ ಹಿಂದೆ. ಇಲ್ಲಿಯ ಉಣುಗು ಎರಡು ಕಾಯಿಲೆ ತರುತ್ತದೆ. ಮಿದುಳಿನ ಉರಿಯೂತಕ್ಕೆ ಲಸಿಕೆ ಇದೆ, ಹಾಕಿಸಿಕೊಂಡಿದ್ದೇನೆ. ಲೈಮ್ ಕಾಯಿಲೆಗೆ ಲಸಿಕೆ ಇಲ್ಲ, ಬೇಗ ಕಿತ್ತು ತೆಗೆಯುವುದೇ ದಾರಿ.

ಈಗ ಆ 76ರ ವಿಷಯಕ್ಕೆ ಬರುತ್ತೇನೆ.

ಕ್ರೇಫೆಲ್ಡ್‌ನಲ್ಲಿ 1905ರಲ್ಲಿ ಶುರುವಾದ ಒಂದು ಕೀಟ ಸಂಘ ಇದೆ. ಸದಸ್ಯರಲ್ಲಿ ಹೆಚ್ಚಿನವರು ಸಂಬಳಕ್ಕಾಗಿ ಈ ಕೆಲಸ ಮಾಡುವವರಲ್ಲ. ಬೇರೆ ಬೇರೆ ಉದ್ಯೋಗದಲ್ಲಿದ್ದು, ಬಿಡುವಿನಲ್ಲಿ ಹುಳಗಳ ಹಿಂದೆ ಹೋದವರು. ಅವರ ಸಂಗ್ರಹ ಇರುವುದು ಒಂದು ಹಳೆಯ ಶಾಲೆಯ ಕಟ್ಟಡದಲ್ಲಿ. 1989ರಿಂದ 2016ರವರೆಗೆ 63 ಸಂರಕ್ಷಿತ ಜಾಗಗಳಲ್ಲಿ ಒಂದೇ ಅಳತೆಯ ಬಲೆ, ಒಂದೇ ಕ್ರಮದಲ್ಲಿ ಹಾಕಿದರು. ಬಾಟಲಿಗಳನ್ನು ಎಸೆಯದೆ ಇಟ್ಟುಕೊಂಡರು. 1,503 ಮಾದರಿಗಳು, ಎಲ್ಲ ಸೇರಿ 53.54 ಕಿಲೋ ಹುಳ. 2017ರ ಅಕ್ಟೋಬರ್‌ನಲ್ಲಿ ಪ್ಲಾಸ್ ಒನ್ ಪತ್ರಿಕೆಯಲ್ಲಿ ಇದರ ವಿಶ್ಲೇಷಣೆ ಬಂತು. 27 ವರ್ಷದಲ್ಲಿ ಬಲೆಗೆ ಬೀಳುವ ಕೀಟಗಳ ತೂಕ 76 ಪರ್ಸೆಂಟ್ ಇಳಿದಿದೆ, ನಡು ಬೇಸಿಗೆಯಲ್ಲಿ 82 ಪರ್ಸೆಂಟ್ ಇಳಿದಿದೆ ಎಂದು ಅದರಲ್ಲಿತ್ತು.

ತೂಕ. ನಿಮ್ಮ ಬರಹದಲ್ಲಿ ಬಿಟ್ಟುಹೋದ ಪದ ಅದೇ. ಜಾತಿಗಳಲ್ಲ, ತೂಕ.

ಅವರು ತೂಗಿದ ಕ್ರಮವನ್ನೇ ನಾನೂ ಅನುಸರಿಸುತ್ತೇನೆ. ಹತ್ತು ಸೆಂಟಿಮೀಟರ್ ಅಗಲದ ಉಕ್ಕಿನ ಜರಡಿ, ಅದರ ಕಣ್ಣು 0.8 ಮಿಲಿಮೀಟರ್. ಬಾಟಲಿಯನ್ನು ಅದರ ಮೇಲೆ ನಿಧಾನಕ್ಕೆ ಬಗ್ಗಿಸಬೇಕು. ಆಲ್ಕೋಹಾಲ್ ಕೆಳಗೆ ಇಳಿಯುತ್ತದೆ, ಹುಳಗಳು ಮೇಲೆ ಉಳಿಯುತ್ತವೆ. ಜರಡಿಯನ್ನು ಓರೆಯಾಗಿ ಇಟ್ಟು ಕಾಯಬೇಕು. ಮೊದಲು ಧಾರೆ, ಆಮೇಲೆ ಹನಿ. ಹನಿ, ಹನಿ, ಹನಿ. ಆಮೇಲೆ ಒಂದು ಹನಿ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಒಂದು ಹನಿಗೂ ಮುಂದಿನ ಹನಿಗೂ ನಡುವೆ ಹತ್ತು ಸೆಕೆಂಡ್‌ಗಿಂತ ಜಾಸ್ತಿ ಅಂತರ ಬಂತು ಎಂದರೆ ಆಗ ತಕ್ಕಡಿಗೆ ಇಡಬೇಕು. ಮುಂಚೆ ಇಟ್ಟರೆ ಆಲ್ಕೋಹಾಲ್ ತೂಗಿದ ಹಾಗೆ. ತಡ ಮಾಡಿದರೆ ಹುಳ ಒಣಗುತ್ತದೆ. ಜುಲೈ ತಿಂಗಳ ಒಂದು ಬಾಟಲಿ ಹಾಗೆ ಜರಡಿಯಲ್ಲಿ ಕೂತಾಗ ನೋಡಬೇಕು. ಒದ್ದೆ ಚಹಾಪುಡಿಯ ಮುದ್ದೆಯ ಹಾಗೆ ಕಾಣುತ್ತದೆ. ಸ್ವಲ್ಪ ಬಗ್ಗಿ ನೋಡಿದರೆ ಅದರಲ್ಲಿ ಕಾಲು, ಮೀಸೆ, ನೀಲಿ ಹೊಳಪಿನ ಬೆನ್ನು, ಹಿಸುಕದೆ ಉಳಿದ ಒಂದು ಪೂರ್ತಿ ರೆಕ್ಕೆ.

ಆ ಹತ್ತು ಸೆಕೆಂಡ್ ಎಣಿಸುತ್ತಾ ಕೂತಾಗ ನಾನು ಕ್ರೇಫೆಲ್ಡ್‌ನವರನ್ನು ನೆನೆಯುತ್ತೇನೆ. ಅವರು ಇದನ್ನು ಸಾವಿರದ ಐನೂರು ಸಲ ಮಾಡಿದ್ದಾರೆ. ಅಷ್ಟು ಕಷ್ಟಪಟ್ಟು ತೆಗೆದ ಅಂಕಿಗೆ ನಾವು ಬೇರೆ ಅರ್ಥ ಕೊಡುವುದು ಸರಿಯಲ್ಲ ಅಲ್ವಾ?

ಆ ಅಧ್ಯಯನಕ್ಕೆ ಮಿತಿಗಳಿವೆ, ಬರೆದವರೇ ಅವನ್ನು ಹೇಳಿದ್ದಾರೆ. 63 ಜಾಗಗಳಲ್ಲಿ 37ರಲ್ಲಿ ಒಂದೇ ವರ್ಷ ಬಲೆ ಹಾಕಿದ್ದು. ಹಾಗಾಗಿ ಒಂದೇ ಜಾಗವನ್ನು 27 ವರ್ಷ ಬಿಡದೆ ನೋಡಿದ ಲೆಕ್ಕವಲ್ಲ ಅದು, ಬೇರೆ ಬೇರೆ ಜಾಗಗಳನ್ನು ಸೇರಿಸಿ ತೆಗೆದದ್ದು. 2023ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಇನ್ನೊಂದು ಅಧ್ಯಯನ, ಏರಿಳಿತದ ದೊಡ್ಡ ಪಾಲಿಗೆ ಹವಾಮಾನವೇ ಕಾರಣ ಎಂದಿತು. ಅದನ್ನು ಒಪ್ಪದವರೂ ಇದ್ದಾರೆ. ವಾದ ನಡೆಯುತ್ತಲೇ ಇದೆ. ಇಳಿದಿಲ್ಲ ಎಂದು ನಾನು ಹೇಳುತ್ತಿಲ್ಲ. 2008ರಿಂದ 2017ರವರೆಗೆ ಜರ್ಮನಿಯ ಮೂರು ಪ್ರದೇಶಗಳಲ್ಲಿ ಹುಲ್ಲುಗಾವಲು, ಕಾಡುಗಳನ್ನು ನೋಡಿದ ಬೇರೆಯೇ ತಂಡಕ್ಕೂ ಹುಲ್ಲುಗಾವಲಿನಲ್ಲಿ ತೂಕ 67 ಪರ್ಸೆಂಟ್, ಜಾತಿಗಳ ಸಂಖ್ಯೆ 34 ಪರ್ಸೆಂಟ್ ಇಳಿದದ್ದು ಕಂಡಿತು. ನೋಡಿ, ತೂಕಕ್ಕೂ ಜಾತಿಗೂ ಎಷ್ಟು ಅಂತರ! ಇವೆರಡೂ ಒಂದೇ ಎಂದುಕೊಂಡರೆ ಏನಾಗುತ್ತಿದೆ ಎನ್ನುವುದೇ ತಿಳಿಯುವುದಿಲ್ಲ.

ತೂಕ ಏನನ್ನು ಹೇಳುವುದಿಲ್ಲ ಎನ್ನುವುದು ಚಳಿಗಾಲದಲ್ಲಿ ಗೊತ್ತಾಗುತ್ತದೆ. ಈಗ ಫೆಬ್ರವರಿ. ಬಲೆಗಳೆಲ್ಲ ಮಡಿಸಿ ಕಪಾಟಿನಲ್ಲಿವೆ. ನಾನು ಹೋದ ಜುಲೈನ ಬಾಟಲಿಗಳ ಮುಂದೆ ಕೂತಿದ್ದೇನೆ. ಬಿಳಿ ತಟ್ಟೆ, ಮೆತ್ತಗಿನ ಚಿಮುಟ, ಒಂದು ಸಣ್ಣ ಕುಂಚ, ಮೈಕ್ರೋಸ್ಕೋಪ್. ಒಂದು ಚಮಚದಷ್ಟು ಹುಳ ತಟ್ಟೆಗೆ ಹಾಕಿ ಬಿಡಿಸುತ್ತೇನೆ. ಎರಡೇ ರೆಕ್ಕೆ ಇದ್ದರೆ ನೊಣದ ಕಡೆಯವರು. ನಾಲ್ಕು ರೆಕ್ಕೆ, ಸಣ್ಣ ನಡು ಇದ್ದರೆ ಕಣಜದ ಕಡೆಯವರು. ಬೆನ್ನ ಮೇಲೆ ಗಟ್ಟಿ ಕವಚ ಇದ್ದರೆ ಓಡುಹುಳ. ಅರ್ಧಕ್ಕಿಂತ ಜಾಸ್ತಿ ನೊಣ, ನುಸಿಗಳೇ ಇರುತ್ತವೆ. ನುಸಿ ಎಂದರೆ ಇಲ್ಲಿ ಸೊಳ್ಳೆಯಂಥ, ಎರಡು ರೆಕ್ಕೆಯ ಪುಟ್ಟ ಹುಳ.

ಎಣಿಸುವಾಗ ನನಗೆ ಕನ್ನಡವೇ ಬರುತ್ತದೆ. ಪ್ರಯೋಗಾಲಯದಲ್ಲಿ ಇಂಗ್ಲಿಷ್, ಮನೆ ಮಾಲೀಕರ ಜೊತೆ ಜರ್ಮನ್, ಎಣಿಕೆ ಮಾತ್ರ ಕನ್ನಡ. ಬೇರೆ ಭಾಷೆಯಲ್ಲಿ ಎಣಿಸಿದರೆ ಎಪ್ಪತ್ತರ ಆಸುಪಾಸಿನಲ್ಲಿ ತಪ್ಪುತ್ತದೆ. ಜರ್ಮನ್‌ನಲ್ಲಂತೂ ಇಪ್ಪತ್ತೊಂದನ್ನು ಒಂದು-ಮತ್ತು-ಇಪ್ಪತ್ತು ಎಂದು ಹೇಳುತ್ತಾರೆ. ಪಕ್ಕದ ಮೇಜಿನಲ್ಲಿ ಪೋಲೆಂಡಿನ ಹುಡುಗಿಯೊಬ್ಬಳು ಕೂರುತ್ತಾಳೆ. ನನ್ನ ಬಾಯಿಂದ 'ನೂರು' ಎಂದು ಬರುವವರೆಗೆ ಅವಳು ಮಾತಾಡಿಸುವುದಿಲ್ಲ. ಬಂದ ಕೂಡಲೇ ಕೇಳಬೇಕಾದದ್ದನ್ನೆಲ್ಲ ಕೇಳಿ ಮುಗಿಸುತ್ತಾಳೆ. ಅವಳಿಗೆ ಗೊತ್ತಿರುವ ಒಂದೇ ಕನ್ನಡ ಪದ ಅದು. ಎಷ್ಟು ಚೆನ್ನಾಗಿ ಹೇಳುತ್ತಾಳೆ ಗೊತ್ತಾ?

ಒಂದು ರಾಣಿ ಬಂಬಲ್‌ಬೀ, ಅಂದರೆ ಗುಂಡಗೆ ಮೈತುಂಬ ರೋಮ ಇರುವ ಜೇನು, ಬಾಟಲಿಗೆ ಬಿದ್ದರೆ ತಕ್ಕಡಿ ಜಗ್ಗನೆ ಏರುತ್ತದೆ. ಅದೊಂದರ ತೂಕಕ್ಕೆ ನೂರಾರು ನುಸಿ ಬೇಕು. ಆ ನೂರಾರರಲ್ಲಿ ಐವತ್ತು ಜಾತಿ ಇರಬಹುದು. ತಕ್ಕಡಿಗೆ ಅದು ಕಾಣುವುದಿಲ್ಲ.

ಹೋದ ವಾರ ತಟ್ಟೆಯ ತಳದಲ್ಲಿ ಧೂಳಿನ ಕಣದಂಥದ್ದೊಂದು ಸಿಕ್ಕಿತು. ಕುಂಚದ ತುದಿಯಲ್ಲಿ ಎತ್ತಿ ಮೈಕ್ರೋಸ್ಕೋಪ್ ಕೆಳಗೆ ಇಟ್ಟೆ. ಅದು ಕಣಜ. ಪೂರ್ತಿ ಉದ್ದ ಒಂದು ಮಿಲಿಮೀಟರ್ ಇಲ್ಲ. ಮೈಮಾರಿಡ್ ಎಂಬ ಕುಟುಂಬದ್ದು, ಇಂಗ್ಲಿಷ್‌ನಲ್ಲಿ ಫೇರಿ ಫ್ಲೈ ಎನ್ನುತ್ತಾರೆ. ರೆಕ್ಕೆ ಎಂದರೆ ರೆಕ್ಕೆಯಲ್ಲ, ಒಂದು ತೆಳು ಕಡ್ಡಿ. ಅದರ ಅಂಚಿಗೆ ಸುತ್ತಲೂ ಉದ್ದ ಉದ್ದ ಕೂದಲು, ಹಕ್ಕಿಯ ಗರಿಯ ಹಾಗೆ. ಅಷ್ಟು ಚಿಕ್ಕ ಮೈಗೆ ಗಾಳಿಯೇ ಮಂದವಾಗಿ ಸಿಗುತ್ತದೆ, ಅದರಲ್ಲಿ ಹಾರುವುದು ಬಹುಪಾಲು ಈಜಿದ ಹಾಗೆ. ಮೀಸೆಯ ತುದಿ ದಪ್ಪ, ಹೆಣ್ಣು ಎನ್ನುವುದಕ್ಕೆ ಗುರುತು. ಇದು ಬೇರೆ ಕೀಟಗಳ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ. ಅಂದರೆ ಇದರ ಇಡೀ ಬಾಲ್ಯ ಇನ್ನೊಂದು ಹುಳದ ಒಂದೇ ಒಂದು ಮೊಟ್ಟೆಯೊಳಗೆ ಕಳೆಯುತ್ತದೆ. ಇದೇ ಕುಟುಂಬದ ಒಂದು ಜಾತಿ ನೀರೊಳಗೆ ರೆಕ್ಕೆ ಬಡಿದು ಈಜುತ್ತಾ ಹೋಗಿ ನೀರುಹುಳಗಳ ಮೊಟ್ಟೆ ಹುಡುಕುತ್ತದೆ. 1862ರಲ್ಲಿ ಇಂಗ್ಲೆಂಡಿನ ಜಾನ್ ಲಬಕ್ ಅದನ್ನು ನೋಡಿ ಬರೆದಿಟ್ಟಿದ್ದಾರೆ. ನಾನು ಅವತ್ತು ಮಧ್ಯಾಹ್ನದ ಊಟಕ್ಕೂ ಏಳದೆ ಆ ರೆಕ್ಕೆಯನ್ನೇ ನೋಡುತ್ತಾ ಕೂತಿದ್ದೆ. ನನ್ನ ತಕ್ಕಡಿಯಲ್ಲಿ ಅದರ ತೂಕ ಸೊನ್ನೆ. ನಾಳೆ ಅದು ಇಲ್ಲವಾದರೆ 76ರಲ್ಲಿ ಒಂದು ಚೂರೂ ಬದಲಾಗುವುದಿಲ್ಲ. ಆದರೆ ಅದು ಯಾರ ಮೊಟ್ಟೆಯೊಳಗೆ ಬೆಳೆಯುತ್ತಿತ್ತೋ ಆ ಹುಳದ ಸಂಖ್ಯೆ ಏನಾಗುತ್ತದೆ?

ಹಾಗಾಗಿ ಹೆಸರು ಬೇಕು. ಡಿಎನ್‌ಎ ತೆಗೆದು ನೋಡುವ ಕ್ರಮ ಈಗ ಇದೆ, ನಾನೂ ಮಾಡುತ್ತೇನೆ. ಒಂದು ಜೀನಿನ 658 ಅಕ್ಷರಗಳನ್ನು ಓದಿ, ಸಂಗ್ರಹದಲ್ಲಿರುವ ಮಾದರಿಗಳ ಜೊತೆ ತಾಳೆ ನೋಡುತ್ತೇವೆ. ಆದರೆ ಸಂಗ್ರಹದಲ್ಲಿರುವ ಮಾದರಿಗೆ ಮೊದಲು ಯಾರೋ ಒಬ್ಬರು ಹುಳ ನೋಡಿ ಹೆಸರು ಬರೆದಿರಬೇಕು. ಬರೆಯದೇ ಇದ್ದರೆ ಯಂತ್ರ ಒಂದು ಸಂಖ್ಯೆ ಕೊಡುತ್ತದೆ, ಅಷ್ಟೆ. ನುಸಿಗಳಲ್ಲಿ, ಚಿಕ್ಕ ಕಣಜಗಳಲ್ಲಿ ನನಗೆ ಸಿಗುವುದು ಬಹಳ ಸಲ ಬರೀ ಸಂಖ್ಯೆ.

ಹೆಸರು ಬರೆಯಬಲ್ಲವರು ಎಷ್ಟು ಜನ? ಅಣಬೆಗಳಲ್ಲಿ ಬೆಳೆಯುವ ನುಸಿಗಳದ್ದು ಒಂದು ಗುಂಪಿದೆ. ನನ್ನ ಬಲೆಗಳಿಗೆ ಬಿದ್ದ ಆ ನುಸಿಗಳನ್ನು ನಾನು ಕೊಂಡೊಯ್ಯುವುದು ಒಬ್ಬ ಹಿರಿಯರ ಮನೆಗೆ. ಅವರಿಗೆ 79 ವರ್ಷ. ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ವಿಶ್ವವಿದ್ಯಾಲಯದಲ್ಲಿ ಓದಿದವರಲ್ಲ. ಗಂಡು ನುಸಿಯ ಹೊಟ್ಟೆಯ ತುದಿಯನ್ನು ಕತ್ತರಿಸಿ, ಕ್ಷಾರದಲ್ಲಿ ನೆನೆಸಿ, ಪಾರದರ್ಶಕವಾದ ಮೇಲೆ ಅದರ ಕೊಕ್ಕೆಗಳ ಆಕಾರ ನೋಡಿ ಜಾತಿ ಹೇಳುತ್ತಾರೆ. ನನಗೆ ಎರಡು ಗಂಟೆ ಹಿಡಿಯುವುದು ಅವರಿಗೆ ಐದು ನಿಮಿಷ. ಕೆಲವು ಸಲ ನೋಡಿ ಸುಮ್ಮನಾಗುತ್ತಾರೆ. ಇದು ನನಗೆ ಗೊತ್ತಿಲ್ಲ, ಇಟ್ಟುಕೊಳ್ಳೋಣ ಎನ್ನುತ್ತಾರೆ. ಗೊತ್ತಿಲ್ಲ ಎನ್ನುವಾಗ ಅವರ ಮುಖದಲ್ಲಿ ಬರುವ ಸಂತೋಷವನ್ನು ನಾನು ಬೇರೆ ಯಾರಲ್ಲೂ ನೋಡಿಲ್ಲ.

ಕನ್ನಡದ ಹಾಗೆ ಜರ್ಮನ್‌ನಲ್ಲೂ ನೀನು, ನೀವು ಎಂದು ಎರಡಿದೆ. ಹಿರಿಯರು ತಾವಾಗಿ ಹೇಳುವವರೆಗೆ 'ನೀವು' ಎಂದೇ ಕರೆಯಬೇಕು, ಅವರೂ ನಮ್ಮನ್ನು 'ನೀವು' ಎಂದೇ ಕರೆಯುತ್ತಾರೆ. ಎರಡೂವರೆ ವರ್ಷ ನಾವಿಬ್ಬರೂ ಹಾಗೇ ಮಾತಾಡಿದೆವು. ಹೋದ ನವೆಂಬರ್‌ನಲ್ಲಿ ನಾನೇ ಹೆಸರು ಹಚ್ಚಿದ ಒಂದು ನುಸಿಯನ್ನು ಅವರು ಮತ್ತೆ ಪರೀಕ್ಷಿಸಿ, ಸರಿಯಾಗಿದೆ ಎಂದರು. ಮೈಕ್ರೋಸ್ಕೋಪ್‌ನಿಂದ ತಲೆ ಎತ್ತದೆಯೇ, ಇನ್ನು ಮೇಲೆ ನಾವು 'ನೀನು' ಎಂದುಕೊಳ್ಳೋಣ ಎಂದರು. ಆ ಸಂಜೆ ಬಸ್ಸಿನಲ್ಲಿ ನನಗೆ ಕಣ್ಣು ತುಂಬಿ ಬಂತು.

ಇವರ ನಂತರ ಆ ಗುಂಪಿಗೆ ಯಾರು ಎನ್ನುವುದು ನನ್ನನ್ನು ಕಾಡುವ ಪ್ರಶ್ನೆ. ನನ್ನ ಕೆಲಸ ಒಪ್ಪಂದದ್ದು. ಸಂಬಳ ಪೂರ್ತಿ ಹುದ್ದೆಯ 65 ಪರ್ಸೆಂಟ್, ಇಲ್ಲಿ ಪಿಎಚ್‌.ಡಿ. ಮಾಡುವ ಬಹಳ ಜನರಿಗೆ ಹೀಗೇ. ಒಪ್ಪಂದ ಮುಗಿಯುವ ತಾರೀಕೂ ಇಲ್ಲಿರಲು ಕೊಟ್ಟ ಪರವಾನಗಿಯ ತಾರೀಕೂ ಒಂದಕ್ಕೊಂದು ಕಟ್ಟಿಕೊಂಡಿವೆ. ಒಂದು ಗುಂಪಿನ ನುಸಿಗಳನ್ನು ಕಲಿಯಲು ಹತ್ತು ವರ್ಷ ಬೇಕು. ಒಪ್ಪಂದ ಮೂರು ವರ್ಷದ್ದು. ಈ ಲೆಕ್ಕ ಕೂಡುವುದಿಲ್ಲ.

ನಿಮ್ಮ ಬರಹದ ಎರಡನೇ ಮಾತು, ನೂರು ವರ್ಷದ್ದು. ಅದರ ಮೂಲ 2019ರ ಒಂದು ಸಮೀಕ್ಷೆ. ಹಳೆಯ 73 ವರದಿಗಳನ್ನು ಒಟ್ಟು ಮಾಡಿ, ಕೀಟಗಳ ತೂಕ ವರ್ಷಕ್ಕೆ 2.5 ಪರ್ಸೆಂಟ್ ಇಳಿಯುತ್ತಿದೆ ಎಂದು ಅದು ಹೇಳಿತು. ಅದನ್ನೇ ಮುಂದಕ್ಕೆ ಎಳೆದು ನೂರು ವರ್ಷ ಎಂದರು. ಆದರೆ ಆ ವರದಿಗಳನ್ನು ಹುಡುಕುವಾಗ 'ಇಳಿಕೆ' ಎಂಬ ಅರ್ಥದ ಪದವನ್ನೇ ಹಾಕಿ ಹುಡುಕಿದ್ದರು. ಇಳಿದದ್ದನ್ನು ಹುಡುಕಿದರೆ ಇಳಿದದ್ದೇ ತಾನೇ ಸಿಗುವುದು? ನನ್ನಂಥ ಬಹಳ ಜನ ಕೀಟದವರು ಆಗಲೇ ಇದಕ್ಕೆ ಆಕ್ಷೇಪ ಎತ್ತಿದರು. ಮರು ವರ್ಷ ಲೈಪ್‌ಸಿಗ್‌ನ ಸಂಶೋಧನಾ ಕೇಂದ್ರವೊಂದರ ಮುಂದಾಳತ್ವದಲ್ಲಿ 166 ದೀರ್ಘ ಸಮೀಕ್ಷೆಗಳನ್ನು ಸೇರಿಸಿ ನೋಡಿದರು. ನೆಲದ ಮೇಲಿನ ಕೀಟಗಳು ಹತ್ತು ವರ್ಷಕ್ಕೆ ಸುಮಾರು 9 ಪರ್ಸೆಂಟ್ ಇಳಿದಿವೆ, ಹೊಳೆ ಕೆರೆಗಳ ಕೀಟಗಳು ಸುಮಾರು 11 ಪರ್ಸೆಂಟ್ ಏರಿವೆ ಎಂದು ಬಂತು. ನೀರಿನ ಲೆಕ್ಕದ ಬಗ್ಗೆಯೂ ತಕರಾರಿದೆ. ಹತ್ತು ವರ್ಷಕ್ಕೆ 9 ಎಂದರೆ ಕಡಿಮೆಯೇನಲ್ಲ. ಮೂವತ್ತು ವರ್ಷಕ್ಕೆ ಹೆಚ್ಚುಕಡಿಮೆ ಕಾಲು ಭಾಗ. ಭಯಪಡಲು ಅಷ್ಟು ಸಾಕು. ಇಲ್ಲದ್ದನ್ನು ಸೇರಿಸಿದರೆ, ನೂರು ವರ್ಷಕ್ಕೆ ಎಲ್ಲ ಹೋಗುವುದೇ ಆದರೆ ಇನ್ನು ಮಾಡುವುದೇನು ಎಂದು ಓದುವವರು ಪುಟ ತಿರುಗಿಸುತ್ತಾರೆ. ನನ್ನ ಹುಲ್ಲುಗಾವಲಿನ ರೈತರು ನಾನು ಕೇಳಿದ ಒಂದೇ ಮಾತಿಗೆ ಅಂಚಿನ ಎರಡು ಮೀಟರ್ ಹುಲ್ಲನ್ನು ಜೂನ್‌ನಲ್ಲಿ ಕತ್ತರಿಸದೆ ಬಿಟ್ಟರು. ಮಾಡಬಹುದಾದದ್ದು ಇದೆ ಎಂದು ಅವರಿಗೆ ಅನಿಸಿದ್ದರಿಂದ ಬಿಟ್ಟರು.

ನನ್ನ ಕೋರಿಕೆ ಎರಡೇ. ಆ ಬರಹಕ್ಕೆ ಒಂದು ತಿದ್ದುಪಡಿ ಹಾಕಿ. 76 ಪರ್ಸೆಂಟ್ ಇಳಿದದ್ದು ಜರ್ಮನಿಯ 63 ಸಂರಕ್ಷಿತ ಜಾಗಗಳಲ್ಲಿ ಬಲೆಗೆ ಬಿದ್ದ ಹಾರುವ ಕೀಟಗಳ ತೂಕ ಎಂದು ಇಷ್ಟು ಬರೆದರೆ ಸಾಕು. ಎರಡನೆಯದು, ಇನ್ನು ಮುಂದೆ ಹುಳದ ಸುದ್ದಿ ಬಂದಾಗ ಯಾವ ಹುಳ ಎಂದು ಕೇಳಿ ಬರೆಯಿರಿ. ನೊಣವೋ, ಕಣಜವೋ, ಓಡುಹುಳವೋ. ಆ ಬರಹದ ಜೊತೆ ಜೇನು ಎಂದು ನೀವು ಹಾಕಿದ್ದ ಚಿತ್ರ ಜೇನಿನದ್ದಲ್ಲ. ಅದು ಹೂವಿನ ಮೇಲೆ ಹಾರುವ ಹಳದಿ ಪಟ್ಟೆಯ ನೊಣ. ಎರಡೇ ರೆಕ್ಕೆ, ಮುಖದ ತುಂಬ ಕಣ್ಣು, ಗಿಡ್ಡ ಮೀಸೆ. ಅದರ ಮರಿಗಳು ಗಿಡದ ಹೇನುಗಳನ್ನು ತಿಂದು ಬೆಳೆಯುತ್ತವೆ. ಅದಕ್ಕೆ ಅದರದ್ದೇ ಹೆಸರು ಸಲ್ಲಬೇಕು.

ಹಿರಿಯರು ತಮ್ಮ ಕಾರ್ಡುಗಳನ್ನು ನನಗೆ ಕೊಟ್ಟಿದ್ದಾರೆ. ನೋಡಿದ ಪ್ರತಿ ನುಸಿಗೂ ಒಂದು ಕಾರ್ಡು, ಪೆನ್ಸಿಲ್‌ನಲ್ಲಿ ಬರೆದದ್ದು. ಎಲ್ಲಿ, ಯಾವಾಗ, ಯಾವ ಅಣಬೆಯ ಹತ್ತಿರ, ಮಳೆ ಇತ್ತೇ, ಗಂಡೆಷ್ಟು, ಹೆಣ್ಣೆಷ್ಟು. ಒಟ್ಟು 31 ಡಬ್ಬಿ. ಸಂಜೆ ಒಂದೊಂದು ಗಂಟೆ ಕೂತು ಅವನ್ನು ಕಂಪ್ಯೂಟರಿಗೆ ಹಾಕುತ್ತಿದ್ದೇನೆ. ಈಗ ನಾಲ್ಕನೇ ಡಬ್ಬಿಯಲ್ಲಿದ್ದೇನೆ, 1983ರ ಮೇ ತಿಂಗಳು. ಏಪ್ರಿಲ್ ಮೊದಲ ವಾರ ಮತ್ತೆ ಬಲೆ ಕಟ್ಟಬೇಕು. ಈ ಸಲ ಕಂಬ ಹಿಡಿದುಕೊಳ್ಳಲು ತಾನೂ ಬರುತ್ತೇನೆ ಎಂದಿದ್ದಾರೆ.

ಇತಿ ನಿಮ್ಮ ಓದುಗಾರ್ತಿ,
ಬಾನ್, ಜರ್ಮನಿ